ಮನೆಯೊಳಗಿನ ಬಿಸಿಲು

"ಏನ್ ಮೇಷ್ಟ್ರೇ, ಮಗ ಬೆಂಗಳೂರಲ್ಲಿ ಚೆನ್ನಾಗವ್ರೆ, ನೀವಿನ್ನೂ ಬೀಸಣಿಗೆ ಹಿಡ್ಕೊಂಡ್ ಕೂತಿದ್ದೀರಲ್ಲ! ಒಂದ್ ಏಸಿ ಹಾಕುಸ್ಬುಡಿ ಅತ್ಲಾಗೆ."

ಕೊಳಾಲದ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ನೀರು ಮಜ್ಜಿಗೆ ಕುಡಿಯುತ್ತ, ಹಳೆಯ ಸ್ನೇಹಿತರೊಬ್ಬರು ಈ ಸಲಹೆ ಕೊಟ್ಟರು. ನಾನು ನಕ್ಕು ಸುಮ್ಮನಾದೆ. ಅವರು ಎದ್ದು ಹೋದ ಮೇಲೆ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಏಸಿ ಬೇಕೋ ಬೇಡವೋ ಎಂಬುದಕ್ಕಿಂತ, ಹಾಕಿಸುವುದಾದರೆ ಅದನ್ನು ಮನೆಯ ಯಾವ ಕೋಣೆಗೆ ಹಾಕಿಸಬೇಕು ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಸ್ನೇಹಿತರ ಮನಸ್ಸಿನಲ್ಲಿದ್ದದ್ದು ನನ್ನ ಓದುವ ಕೋಣೆ ಎಂಬುದರಲ್ಲಿ ಸಂದೇಹವಿಲ್ಲ. 2024ರ ಬೇಸಿಗೆಗೆ ಮುಂಚೆ ಈ ಮಾತು ಬಂದಿದ್ದರೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಈಗ ಹಾಗೆ ಯೋಚಿಸಲಾರೆ. ಏಕೆಂಬುದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಕೊರಟಗೆರೆ ತಾಲ್ಲೂಕಿನ ನಮ್ಮ ಈ ಹೋಬಳಿ ಬಿಸಿಲಿಗೆ ಹೆಸರಾದ ಸೀಮೆಯಲ್ಲ. ರಾಯಚೂರು, ಕಲಬುರಗಿಯ ಬಂಧುಗಳು ನಮ್ಮ ಬೇಸಿಗೆಯ ವರ್ಣನೆಯನ್ನು ಕೇಳಿದರೆ ನಕ್ಕಾರು. ಆದರೂ ಶಿವರಾತ್ರಿಯ ಚಳಿ 'ಶಿವ ಶಿವಾ' ಎನ್ನುತ್ತ ಹೊರಟುಹೋದ ಮೇಲೆ, ಅಶ್ವಿನಿ, ಭರಣಿ ಮಳೆಗಳು ಬಂದು ನೆಲ ತಣಿಸುವವರೆಗೆ, ಇಲ್ಲಿಯ ಹಗಲುಗಳು ಸಾಮಾನ್ಯವಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿಯಲ್ಲಿ ಆಗ ಕಾಣುವುದು ಮರಳು. ಚನ್ನರಾಯನದುರ್ಗದ ಬಂಡೆ, ಆಚೆ ಮಧುಗಿರಿಯ ಏಕಶಿಲಾ ಬೆಟ್ಟ ಹಗಲೆಲ್ಲ ಕಾದು, ಸೂರ್ಯ ಮುಳುಗಿದ ಮೇಲೂ ಬೆಟ್ಟದ ಬುಡದ ಊರುಗಳ ಮೇಲೆ ಬಿಸಿಯುಸಿರು ಬಿಡುತ್ತಿರುತ್ತವೆ. ಬಂಡೆಯ ಈ ಗುಣವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಮನೆಗಳ ಕಥೆಯೂ ಅದೇ ಆಗಿದೆ.

ನಾನು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮೊಳದಗಲದ ಮಣ್ಣಿನ ಗೋಡೆ. ಮೇಲೆ ತೊಲೆ, ಜಂತೆ. ಅದರ ಮೇಲೆ ಸೊಪ್ಪುಸದೆ ಹರಡಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು ತುಳಿದು, ಮೇಲೆ ನೀರು ಇಳಿಯದ ಹಾಗೆ ಕರಲು ಮಣ್ಣಿನ ಪದರ. ನಡುಮನೆಯ ಮಾಳಿಗೆಯಲ್ಲಿ ಒಂದು ಗವಾಕ್ಷಿ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಕಾಲಿಟ್ಟೊಡನೆ ಮೈ ತಣ್ಣಗಾಗುತ್ತಿತ್ತು. ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೊರಟುಹೋಗುತ್ತಿತ್ತು. ದಪ್ಪ ಮಣ್ಣನ್ನು ದಾಟಿ ಕಾವು ಒಳಗಿಳಿಯುವ ವೇಳೆಗೆ ಹೊತ್ತು ಮುಳುಗಿ ಹೊರಗೆ ತಂಪಾಗಿರುತ್ತಿತ್ತು. ಇದನ್ನೆಲ್ಲ ಬರೆಯುವಾಗ ನನ್ನ ವಯಸ್ಸಿನವರಿಗೆ ಕಣ್ಣು ತೇವವಾಗುವುದು ಸಹಜ. ಆದರೆ ಪೂರ್ತಿ ಸತ್ಯವನ್ನು ಹೇಳಬೇಕಲ್ಲವೇ? ಆ ಮನೆಯಲ್ಲಿ ನಡುಹಗಲಿನಲ್ಲೂ ಪುಸ್ತಕ ಓದಲು ಬೆಳಕಿರುತ್ತಿರಲಿಲ್ಲ. ಜಂತೆಯ ಸಂದಿಯಿಂದ ಚೇಳು ಬೀಳುತ್ತಿತ್ತು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಸೋರುತ್ತಿತ್ತು. ಗವಾಕ್ಷಿಯಿದ್ದದ್ದು ನಡುಮನೆಗೆ; ಮೂಲೆಯ ಒಲೆಯ ಮುಂದೆ ಕುಳಿತ ನನ್ನ ತಾಯಿಗೆ ಸಿಕ್ಕಿದ್ದು ಹೊಗೆ. 'ಹಿಂದಿನ ಕಾಲದ ಮನೆ ತಂಪಾಗಿತ್ತು' ಎನ್ನುವಾಗ, ಅದರ ಯಾವ ಭಾಗ, ಯಾರಿಗೆ ತಂಪಾಗಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

1992ರಲ್ಲಿ ಆ ಮನೆಯನ್ನು ಕೆಡವಿ ಮೌಲ್ಡ್ ಹಾಕಿಸಿದೆ. ಭವಿಷ್ಯನಿಧಿಯ ಸಾಲ, ಮಡದಿಯ ಎರಡು ಬಳೆ, ಒಂದು ಬೇಸಿಗೆ ರಜೆಯ ಓಡಾಟ ಎಲ್ಲವೂ ಅದಕ್ಕೆ ಸಂದವು. ಕಾಂಕ್ರೀಟು ಸುರಿದ ದಿನ ಕೆಲಸದವರಿಗೆಲ್ಲ ಪಾಯಸದ ಊಟ ಹಾಕಿಸಿ, ಊರಿನಲ್ಲಿ ತಲೆಯೆತ್ತಿ ನಡೆದೆ. ಆ ವರ್ಷದ ಬೇಸಿಗೆ ಕಳೆದು ಮುಂದಿನ ಬೇಸಿಗೆ ಬಂದಾಗ ತಾಯಿ ಚಾಪೆ, ದಿಂಬನ್ನು ಎತ್ತಿಕೊಂಡು ಜಗಲಿಗೆ ಹೊರಟರು. "ಮನೆ ಲಕ್ಷಣವಾಗೈತೆ ಕಣಪ್ಪಾ, ಇಲ್ಲ ಅನ್ನಾಕಿಲ್ಲ. ರಾತ್ರಿ ಹೊತ್ತು ಮಾತ್ರ ತಲೆ ಮ್ಯಾಲೆ ಕಾದ ಹಂಚು ಕವುಚಿದಂಗೆ ಆಯ್ತದೆ" ಎಂದರು. ನಾನು ಏನೆಂದೆ ಗೊತ್ತೇ? "ಅಭ್ಯಾಸ ಆಗುತ್ತೆ ಬಿಡಮ್ಮಾ" ಎಂದೆ.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾಲ್ಕೈದು ಅಂಗುಲದ ಕಾಂಕ್ರೀಟು ಹಲಗೆ ಬೆಳಗಿನಿಂದ ಸಂಜೆಯವರೆಗೆ ನೇರ ಬಿಸಿಲನ್ನು ಹೀರುತ್ತದೆ. ಬಂಡೆಯಂತೆಯೇ ಅದೂ ಹೀರಿದ ಕಾವನ್ನು ಒಡನೆಯೇ ಬಿಡುವುದಿಲ್ಲ. ಮಧ್ಯಾಹ್ನದ ಬಿಸಿಲು ನಿಧಾನವಾಗಿ ಕೆಳಗಿಳಿದು, ಸಂಜೆಯಿಂದ ನಡುರಾತ್ರಿಯವರೆಗೆ ನಮ್ಮ ನೆತ್ತಿಯ ಮೇಲೆ ಸುರಿಯುತ್ತದೆ. ಹೊರಗೆ ಅಂಗಳದಲ್ಲಿ ತಂಗಾಳಿ ಬೀಸುತ್ತಿದ್ದರೂ ಒಳಗೆ ಕಾವು ಇಳಿದಿರುವುದಿಲ್ಲ. ಫ್ಯಾನು ಹಾಕಿದರೆ, ಮೇಲ್ಛಾವಣಿಗೆ ಅಂಟಿಕೊಂಡಿದ್ದ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಹಗಲಿಡೀ ದುಡಿದ ದೇಹ ರಾತ್ರಿಯಾದರೂ ತಣಿದು ಸುಧಾರಿಸಿಕೊಳ್ಳಬೇಕು. ಅದಕ್ಕೂ ಅವಕಾಶವಿಲ್ಲದಿದ್ದರೆ ಮರುದಿನದ ಬಿಸಿಲನ್ನು ಅದು ಹಿಂದಿನ ದಿನದ ಆಯಾಸದೊಡನೆಯೇ ಎದುರಿಸುತ್ತದೆ. ಮಕ್ಕಳಿಗೆ 'ಉಷ್ಣ ಪ್ರಸರಣದ ಮೂರು ವಿಧಾನಗಳು' ಎಂಬ ಪಾಠವನ್ನು ಎಷ್ಟು ಸಲ ಹೇಳಿಕೊಟ್ಟಿದ್ದೆನೋ! ವಹನ, ಸಂವಹನ, ವಿಕಿರಣ ಮೂರೂ ನನ್ನ ಮಲಗುವ ಕೋಣೆಯಲ್ಲೇ ಪ್ರಯೋಗ ನಡೆಸುತ್ತಿದ್ದರೂ ನನಗೆ ತಿಳಿಯಲಿಲ್ಲ.

ಈಗ 2024ರ ಬೇಸಿಗೆಗೆ ಬರುತ್ತೇನೆ. ಆ ವರ್ಷದ ಏಪ್ರಿಲ್ ತಿಂಗಳಿನ ಕೊನೆಯಲ್ಲಿ ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ ಉಷ್ಣಾಂಶ 38.5 ಡಿಗ್ರಿಗೆ ಏರಿತ್ತು. 2016ರ ಏಪ್ರಿಲ್‌ನಲ್ಲಿ ದಾಖಲಾಗಿದ್ದ 39.2 ಡಿಗ್ರಿಗೆ ಅದು ಹೆಚ್ಚು ದೂರವಿರಲಿಲ್ಲ. ರಜೆಗೆಂದು ಮೊಮ್ಮಕ್ಕಳು ಬಂದಿದ್ದರು. ಅವರಿಗಾಗಿ ನನ್ನ ಪತ್ನಿ ಒಬ್ಬಟ್ಟು ಮಾಡಲು ನಿಂತಿದ್ದಳು. ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಾವಲಿಯ ಮುಂದೆ ಒಂದೊಂದಾಗಿ ಬೇಯಿಸುವ ಕೆಲಸ. ಹನ್ನೊಂದು ಗಂಟೆಗೆ ನಿಂತವಳು ಮೂರು ಗಂಟೆಯಾದರೂ ಕುಳಿತಿರಲಿಲ್ಲ. ನಾನು ಓದುವ ಕೋಣೆಯಲ್ಲಿದ್ದೆ. ಹಿಂದಿನ ವರ್ಷ ಮಗ ತಂದುಕೊಟ್ಟಿದ್ದ ಏರ್‌ಕೂಲರ್ ಅಲ್ಲಿ ಓಡುತ್ತಿತ್ತು. ತಂಪು ಹೊರಗೆ ಹೋಗದಿರಲೆಂದು ಬಾಗಿಲು ಮುಚ್ಚಿಕೊಂಡಿದ್ದೆ. ಆದ್ದರಿಂದಲೇ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ಮೊಮ್ಮಗ ಓಡಿಬಂದು ಬಾಗಿಲು ಬಡಿದ.

ಅವಳು ಗೋಡೆಗೊರಗಿ ಕುಸಿದಿದ್ದಳು. ಮೈ ಸುಡುತ್ತಿತ್ತು, ಕೇಳಿದ್ದಕ್ಕೆ ಉತ್ತರ ಬರುತ್ತಿದ್ದರೂ ಮಾತು ತೊದಲುತ್ತಿತ್ತು. ಅಂಗಳದ ನೆರಳಿಗೆ ಎತ್ತಿ ತಂದು ಮಲಗಿಸಿ, ಒದ್ದೆ ಬಟ್ಟೆಯಿಂದ ಮೈಯೊರೆಸಿ, ಆಸ್ಪತ್ರೆಗೆ ಕರೆದೊಯ್ದೆವು. ದೇವರ ದಯೆ, ವೈದ್ಯರ ಶ್ರದ್ಧೆ. ಮರುದಿನ ಮನೆಗೆ ಬಂದಳು. ಆಸ್ಪತ್ರೆಯಲ್ಲಿದ್ದದ್ದು ನನ್ನ ಮೊಮ್ಮಗಳಂಥ ಒಬ್ಬ ಕಿರಿಯ ವೈದ್ಯೆ. "ಅಜ್ಜಿ, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ರಿ?" ಎಂದು ಕೇಳಿದರು. "ಎಲ್ಲರದೂ ಊಟ ಆಗ್ಲಿ ಅಂತ..." ಎಂದಳು ಇವಳು. ವೈದ್ಯೆ ನನ್ನ ಕಡೆ ತಿರುಗಿ, "ತಾತ, ಅಡುಗೆಮನೇಲಿ ಫ್ಯಾನ್ ಇಲ್ವಾ?" ಎಂದರು. "ಫ್ಯಾನ್ ಹಾಕಿದ್ರೆ ಗ್ಯಾಸ್ ಉರಿ ಆರಿಹೋಗುತ್ತಮ್ಮಾ" ಎಂದೆ. ಅವರು ಏನೂ ಹೇಳದೆ ಬರೆಯುತ್ತ ಹೋದರು. ಮಂಚದ ಮೇಲಿಂದ ನನ್ನ ಪತ್ನಿಯೇ ನನ್ನ ಪರವಾಗಿ ಮಾತಾಡಿದಳು. "ಏನಾಗಲ್ಲ ಬಿಡವ್ವಾ, ನಂಗೆ ಅಭ್ಯಾಸ ಆಗೈತೆ."

ಮೂವತ್ತು ವರ್ಷಗಳ ಹಿಂದೆ ನಾನು ತಾಯಿಗೆ ಹೇಳಿದ್ದ ಅದೇ ಮಾತು. ಆ ರಾತ್ರಿ ಮನೆಗೆ ಬಂದು ಎಣಿಸಿದೆ. ನಡುಮನೆಯಲ್ಲಿ ಒಂದು ಫ್ಯಾನು, ಮಲಗುವ ಎರಡು ಕೋಣೆಗಳಲ್ಲಿ ಎರಡು, ನನ್ನ ಕೋಣೆಯಲ್ಲಿ ಒಂದು ಫ್ಯಾನು ಮತ್ತು ಒಂದು ಕೂಲರ್. ದಿನಕ್ಕೆ ಆರೇಳು ಗಂಟೆ ಬೆಂಕಿ ಉರಿಯುವ ಕೋಣೆಯಲ್ಲಿ ಒಂದೂ ಇರಲಿಲ್ಲ.

'ಅಭ್ಯಾಸ' ಎಂಬುದು ಪೂರ್ತಿ ಸುಳ್ಳಲ್ಲ. ಬೇಸಿಗೆ ಕಾಲಿಟ್ಟ ಒಂದೆರಡು ವಾರಗಳಲ್ಲಿ ದೇಹ ತಾನೇ ಹೊಂದಿಕೊಳ್ಳುತ್ತದೆ. ಬೆವರು ಬೇಗ ಬರಲು ಆರಂಭಿಸುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಹೊಲದಲ್ಲಿ ದುಡಿಯುವವರು ನಮ್ಮಂಥವರಿಗಿಂತ ಬಿಸಿಲು ತಾಳುವುದು ಇದರಿಂದಲೇ. ಆದರೆ ಇದಕ್ಕೊಂದು ಮಿತಿಯಿದೆ. ನಮ್ಮ ದೇಹದೊಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ; ಚರ್ಮದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಸುತ್ತಲಿನ ಗಾಳಿ 35 ಡಿಗ್ರಿ ದಾಟಿದ ಮೇಲೆ ಅದು ನಮ್ಮ ಕಾವನ್ನು ಹೊತ್ತೊಯ್ಯುವುದಿಲ್ಲ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಗಮನಿಸಿ: ಬೆವರು ಆವಿಯಾಗಬೇಕು, ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ. ನಮ್ಮ ಸೀಮೆಯ ಒಣಗಾಳಿಯಲ್ಲಿ ಬೆವರು ಬೇಗ ಆರುತ್ತದೆ, ಅದು ನಮ್ಮ ಪುಣ್ಯ. ಆದರೆ ಕುಕ್ಕರಿನ ಹಬೆ, ಅನ್ನ ಬಸಿದ ಹಬೆ, ಮುದ್ದೆಯ ಎಸರಿನ ಹಬೆ ತುಂಬಿಕೊಂಡ, ಗಾಳಿಯಾಡದ ಅಡುಗೆಮನೆಯಲ್ಲಿ ನಿಂತವಳಿಗೆ ಆ ಪುಣ್ಯವೂ ಇಲ್ಲ. ಕೊಳಾಲದ ಮಧ್ಯದಲ್ಲೇ ಅವಳು ಕರಾವಳಿಯ ಸೆಕೆಯಲ್ಲಿರುತ್ತಾಳೆ, ಜೊತೆಗೆ ಉರಿಯುವ ಒಲೆಯೂ ಇರುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ನೀರು ಬೇಕೆಂದು ಅನ್ನಿಸುವ ವೇಳೆಗೆ ದೇಹ ಆಗಲೇ ಬತ್ತಿರುತ್ತದೆ. ಎಪ್ಪತ್ತು ದಾಟಿದವರಿಗೆ 'ಅಭ್ಯಾಸ' ರಕ್ಷೆಯಲ್ಲ.

ಹವಾಮಾನ ಇಲಾಖೆಯವರ ಲೆಕ್ಕದಲ್ಲಿ, ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದ್ದರೆ ಬಿಸಿಗಾಳಿ ಎಂದು ಪರಿಗಣಿಸುತ್ತಾರೆ. ಇದು ಶಾಸ್ತ್ರೀಯವಾದ ಅಳತೆ, ತಪ್ಪೇನಿಲ್ಲ. ಆದರೆ ಆ ಉಷ್ಣಮಾಪಕ ಎಲ್ಲಿರುತ್ತದೆ ಎಂಬುದನ್ನು ನೋಡಬೇಕು. ಅದನ್ನು ಬಿಳಿ ಬಣ್ಣ ಬಳಿದ ಒಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಸುತ್ತಲೂ ಗಾಳಿಯಾಡುವ ಜಾಲಂದರದ ಪಟ್ಟಿ, ಮೇಲೆ ಎರಡು ಪದರದ ಛಾವಣಿ, ನೆಲದಿಂದ ನಾಲ್ಕಡಿ ಎತ್ತರದ ಕಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ರೂಪಿಸಿದವನು ಥಾಮಸ್ ಸ್ಟೀವನ್‌ಸನ್ ಎಂಬ ಇಂಜಿನಿಯರ್. 'ಟ್ರೆಷರ್ ಐಲೆಂಡ್' ಕಾದಂಬರಿ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ತಂದೆ. ಗಾಳಿಯ ಉಷ್ಣಾಂಶವನ್ನು ಸರಿಯಾಗಿ ಅಳೆಯಲು ಹೀಗೆ ನೆರಳು ಮಾಡಲೇಬೇಕು. ಆದರೂ ನನಗೆ ಒಂದು ಕ್ಷಣ ನಗು ಬಂತು. ಮನುಷ್ಯನು ಉಷ್ಣಮಾಪಕಕ್ಕೆ ಕಟ್ಟಿಕೊಟ್ಟ ಮನೆಗೆ ಬಿಳಿ ಮಾಡು, ಇಮ್ಮಡಿ ಛಾವಣಿ, ನಾಲ್ಕೂ ಕಡೆ ಗಾಳಿ ಇವೆಯಲ್ಲ! ನಮ್ಮ ಮನೆಗಳಿಗೆ ಇವುಗಳಲ್ಲಿ ಒಂದೂ ಇಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರುವ ಉಷ್ಣಾಂಶವನ್ನು ನೋಡಿ 'ಇನ್ನೂ ನಲವತ್ತಾಗಿಲ್ಲ' ಎಂದು ಸಮಾಧಾನಪಡುವಂತಿಲ್ಲ. ಅಡುಗೆಮನೆಯ ಉಷ್ಣಾಂಶ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ಬದಲಾವಣೆಗಳಾಗಿವೆ. ಯಾವುದೂ ಹೊಸ ಆವಿಷ್ಕಾರವಲ್ಲ; ಆದರೆ ಮಾಡಿ ನೋಡಿದವನ ಮಾತಿಗೆ ಒಂದಿಷ್ಟು ಬೆಲೆ ಇರಬಹುದೆಂದು ಹೇಳುತ್ತೇನೆ.

ಮೊದಲನೆಯದು ಅಡುಗೆಮನೆ. ಒಲೆಯ ಮೇಲ್ಭಾಗದ ಗೋಡೆಯಲ್ಲಿ ಎತ್ತರಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಎದುರಿನ ಗೋಡೆಯ ಕಿಟಕಿಯನ್ನು ತೆರೆದಿಡುತ್ತೇವೆ. ಅದು ಹಬೆಯನ್ನೂ ಬಿಸಿಗಾಳಿಯನ್ನೂ ಹೊರಗೆ ಎಳೆಯುತ್ತದೆ, ಉರಿಯನ್ನು ಆರಿಸುವುದಿಲ್ಲ. ಹಳೆಯ ಗವಾಕ್ಷಿ ಮಾಡುತ್ತಿದ್ದ ಕೆಲಸವೇ ಇದು; ಈ ಸಲ ಇರಬೇಕಾದ ಕೋಣೆಯಲ್ಲಿದೆ. ಇದಕ್ಕಾದ ಖರ್ಚು ನನ್ನ ಕೂಲರಿನ ಬೆಲೆಯ ಮುಂದೆ ಬಲು ಅಲ್ಪ. ಇಷ್ಟು ವರ್ಷ ಏಕೆ ಹಾಕಿಸಲಿಲ್ಲ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಎರಡನೆಯದು ಅಡುಗೆಯ ವೇಳೆ. ಇದು ಹಣದ ಮಾತಲ್ಲ, ನಾಲಿಗೆಯ ಮಾತು. ಆದ್ದರಿಂದ ಹೆಚ್ಚು ಕಷ್ಟವಾಯಿತು. ನಮ್ಮ ಸೀಮೆಯ ಗಂಡಸರಿಗೆ ಮಧ್ಯಾಹ್ನದ ಊಟಕ್ಕೆ ಕೈ ಸುಡುವ ಮುದ್ದೆ ಬೇಕು. ತಣ್ಣನೆಯ ಮುದ್ದೆಯನ್ನು ತಟ್ಟೆಗೆ ಹಾಕಿದರೆ ಮುಖ ತಿರುಗಿಸುವ ಜಾತಿ ನಾವು, ನಾನೂ ಅದರಲ್ಲಿ ಒಬ್ಬ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ಇದೆ. ಏಪ್ರಿಲ್, ಮೇ ತಿಂಗಳ ಆ ಆದೇಶವನ್ನು ಪತ್ರಿಕೆಯಲ್ಲಿ ಓದಿ, 'ವಿವೇಕದ ಕ್ರಮ' ಎಂದು ಮೆಚ್ಚಿಕೊಂಡವನು ನಾನು. ಕಚೇರಿಯ ಗುಮಾಸ್ತನಿಗೆ ಬದಲಾದ ಗಡಿಯಾರ ಅಡುಗೆಮನೆಗೇಕೆ ಬದಲಾಗಬಾರದು? ಈಗ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಮನೆಯ ಒಲೆ ಬೆಳಿಗ್ಗೆ ಎಂಟೂವರೆಗೆ ಆರುತ್ತದೆ. ಮತ್ತೆ ಹಚ್ಚುವುದು ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನಕ್ಕೆ ರಾಗಿ ಅಂಬಲಿ, ಮಜ್ಜಿಗೆ, ಮೊಸರನ್ನ, ಹೆಸರುಬೇಳೆಯ ಕೋಸಂಬರಿ. ಮುದ್ದೆ ರಾತ್ರಿಗೆ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೇ ಮುಗಿಯಬೇಕು. ಈ ಕಾವಿನಲ್ಲಿ ರಾತ್ರಿಗೆ ಉಳಿಸಿದ ಅನ್ನ ಅಪಾಯ. ಮೊದಲ ವಾರ ಊಟವೇ ಆಗಲಿಲ್ಲವೆಂಬ ಭಾವ ನನ್ನನ್ನು ಬಿಡಲಿಲ್ಲ. ಆಗ ಪತ್ನಿ ಮೆಲ್ಲನೆ, "ಅಭ್ಯಾಸ ಆಗುತ್ತೆ ಬಿಡ್ರೀ" ಎಂದಳು. ಅವಳು ವ್ಯಂಗ್ಯವಾಡುವವಳಲ್ಲ, ಆದರೂ ನನಗೆ ತಾಗಿತು. ಎರಡು ವಾರದಲ್ಲಿ ನಿಜವಾಗಿಯೂ ಅಭ್ಯಾಸವಾಯಿತು.

ಮೂರನೆಯದು ತಾರಸಿ. ಬಣ್ಣಗಳಲ್ಲಿ ಬಿಳಿಯದು ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ ಎಂಬುದನ್ನು ಶಾಲೆಯ ಮಗುವೂ ಬಲ್ಲದು. ಸುಣ್ಣದ ಕಲ್ಲನ್ನು ಅರಳಿಸಿ, ಸೋಸಿ, ಅಂಟು ಬೆರೆಸಿ, ತಾರಸಿಯನ್ನು ಚೆನ್ನಾಗಿ ಗುಡಿಸಿ ತೊಳೆದು ಎರಡು ಮೂರು ಕೈ ಬಳಿಸಿದೆ. ಸುಣ್ಣ ಅರಳುವಾಗ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ, ಮಕ್ಕಳನ್ನು ದೂರವಿಡಬೇಕು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಮತ್ತೆ ಬಳಿಯಬೇಕು. ಬಿಳಿಯ ಛಾವಣಿಯಿಂದ ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿಯಷ್ಟು ತಗ್ಗಬಹುದು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಚಳಿಗಾಲವನ್ನೇನೂ ತರಲಿಲ್ಲ; ಆದರೆ ರಾತ್ರಿ ಹತ್ತು ಗಂಟೆಗೆ ಛಾವಣಿಯ ಕೆಳಗೆ ಕೈಯೆತ್ತಿದರೆ ಮುಖಕ್ಕೆ ಬಡಿಯುತ್ತಿದ್ದ ಕಾವು ಈಗ ಇಲ್ಲ. ಮಲಗುವ ಕೋಣೆಯ ಮೇಲೆ ಎರಡಡಿ ಅಂತರ ಬಿಟ್ಟು, ತೆಂಗಿನ ಗರಿಯ ಚಪ್ಪರವನ್ನೂ ಹಾಕಿಸಿದ್ದೇನೆ. ನಡುವೆ ಗಾಳಿಯಾಡುವ ಆ ಅಂತರವೇ ಮುಖ್ಯ. ಸ್ಟೀವನ್‌ಸನ್ನನ ಇಮ್ಮಡಿ ಛಾವಣಿ ಎಂದುಕೊಳ್ಳಿ. ಒಣಗರಿಗೆ ಬೆಂಕಿಯ ಭಯವಿರುವುದರಿಂದ ಒಲೆಯ ಹೊಗೆಗಂಡಿಯ ಹತ್ತಿರ ಚಪ್ಪರ ಬೇಡ.

ಇನ್ನು ಕಿಟಕಿಗಳು. ಬೆಳಿಗ್ಗೆ ಹತ್ತರ ಒಳಗೆ ಬಿಸಿಲಿನ ಕಡೆಯ ಕಿಟಕಿಗಳನ್ನು ಮುಚ್ಚಿ, ಹೊರಗಿನ ಗಾಳಿ ತಂಪಾದ ಮೇಲೆ ಎಲ್ಲವನ್ನೂ ತೆರೆಯುವುದು ಸರಿಯಾದ ಕ್ರಮ. ನಾವು ಬಹುಮಟ್ಟಿಗೆ ಇದರ ವಿರುದ್ಧ ಮಾಡುತ್ತೇವೆ: ಹಗಲು ಗಾಳಿಗೆಂದು ತೆರೆದು, ರಾತ್ರಿ ಕಳ್ಳರಿಗೂ ಸೊಳ್ಳೆಗೂ ಹೆದರಿ ಮುಚ್ಚುತ್ತೇವೆ. ಸರಳು, ಜಾಲರಿ ಹಾಕಿಸಿದರೆ ಆ ಭಯ ಹೋಗುತ್ತದೆ. ಕೂಲರಿನ ವಿಷಯದಲ್ಲೂ ಇಂಥದೇ ತಪ್ಪು. ಅದು ನೀರನ್ನು ಆವಿಯಾಗಿಸಿ ತಂಪು ಮಾಡುವ ಯಂತ್ರ, ಮಡಕೆಯ ತತ್ವವೇ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಗಾಳಿ ತೇವದಿಂದ ತುಂಬಿ ಬೆವರು ಆರುವುದೇ ನಿಲ್ಲುತ್ತದೆ. ಅಂದು ನಾನು ತಂಪು ಉಳಿಸಲೆಂದು ಬಾಗಿಲು ಮುಚ್ಚಿಕೊಂಡಿದ್ದೆನಲ್ಲ, ಅದು ವಿಜ್ಞಾನದ ದೃಷ್ಟಿಯಿಂದಲೂ ತಪ್ಪು! ಈಗ ಬಾಗಿಲು ತೆರೆದೇ ಇರುತ್ತದೆ. ಕೂಲರ್ ನಡುಮನೆಗೆ ಬಂದಿದೆ. ಸಾವಿರ ಅಡಿ ಕೊರೆದರೂ ನೀರು ಸಿಗುವುದು ಅನುಮಾನವಾಗಿರುವ ನಮ್ಮ ಸೀಮೆಯಲ್ಲಿ, ಅದು ಕುಡಿಯುವ ಬಿಂದಿಗೆ ನೀರಿನ ಲೆಕ್ಕವನ್ನೂ ಇಡಬೇಕಾಗುತ್ತದೆ.

ಏಸಿಯ ವಿರುದ್ಧ ನನ್ನ ತಕರಾರಿಲ್ಲ. ಹಾಸಿಗೆ ಹಿಡಿದ ವೃದ್ಧರು, ಹೃದ್ರೋಗಿಗಳು, ಎಳೆಯ ಕೂಸು ಇರುವ ಮನೆಯವರು ಶಕ್ತಿಯಿದ್ದರೆ ಹಾಕಿಸಲಿ, ಅದು ಭೋಗವಲ್ಲ. ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ನಮ್ಮನ್ನು ಸುಡುವ ಬಿಸಿಲೇ ಅಲ್ಲಿ ವಿದ್ಯುತ್ತಾಗುತ್ತಿರುವಾಗ, ನಮ್ಮವರು ಅದನ್ನು ಬಳಸಬಾರದೆನ್ನಲು ನಾನಾರು? ಒಂದು ಮಾತು ಮಾತ್ರ ಇದೆ. ಏಸಿ ಶಾಖವನ್ನು ಇಲ್ಲದಂತೆ ಮಾಡುವುದಿಲ್ಲ. ಒಳಗಿನದನ್ನು ಹೊರಗೆ ಹಾಕುತ್ತದೆ. ನನ್ನ ಓದುವ ಕೋಣೆಯ ಹಿಂಗೋಡೆಗೆ ಅದರ ಹೊರಪೆಟ್ಟಿಗೆಯನ್ನು ಕೂರಿಸಿದರೆ, ಬಿಸಿಗಾಳಿ ಹೋಗುವುದು ಮೂರೇ ಮಾರು ದೂರದ ಒಂದು ಶೀಟಿನ ಮನೆಗೆ.

ಆ ಮನೆಯಲ್ಲಿರುವವಳು ನನ್ನ ಹಳೆಯ ವಿದ್ಯಾರ್ಥಿನಿ. ಕೂಲಿ ಮಾಡಿ ಎರಡು ಮಕ್ಕಳನ್ನು ಓದಿಸುತ್ತಿದ್ದಾಳೆ. ಕಬ್ಬಿಣದ ಶೀಟು ಕಾಂಕ್ರೀಟಿನಂತೆ ನಿಧಾನಿಯಲ್ಲ. ಬಿಸಿಲು ಬಿದ್ದ ಗಳಿಗೆಯಲ್ಲೇ ಕಾದು, ಕೆಳಗಿರುವವರನ್ನು ನೇರವಾಗಿ ಸುಡುತ್ತದೆ. ಒಂದು ಮಧ್ಯಾಹ್ನ ಅವಳು ಮಕ್ಕಳನ್ನು ಕರೆದುಕೊಂಡು ಹೊಂಗೆಮರದ ಕೆಳಗೆ ಕುಳಿತಿದ್ದಳು. ಯುಗಾದಿಯ ಹೊತ್ತಿಗೇ ಹೊಸ ಚಿಗುರು ಹೊತ್ತು ದಟ್ಟ ನೆರಳು ಕೊಡುವ ಹೊಂಗೆ ನಮ್ಮ ಸೀಮೆಗೆ ದೇವರು ಕೊಟ್ಟ ಚಪ್ಪರ. "ಮನೆಯೊಳಗೆ ಇರಕ್ಕಾಗಲ್ವೇನಮ್ಮಾ?" ಎಂದೆ. ಅವಳು ನಕ್ಕು, "ಹಗಲೊತ್ತು ಎಲ್ಲಾಯ್ತದೆ ಸಾ. ನಮಗೇನು, ಅಭ್ಯಾಸ" ಎಂದಳು. ಮೂರನೆಯ ಬಾರಿ ಆ ಮಾತು. ಆಗ ನನಗೊಂದು ಸಂಗತಿ ಹೊಳೆಯಿತು. ಈ ಮಾತನ್ನು ಕೂಲರಿನ ಮುಂದೆ ಕುಳಿತವನು ತನ್ನ ಬಗ್ಗೆ ಎಂದೂ ಹೇಳಿಕೊಳ್ಳುವುದಿಲ್ಲ. ಬೇರೆ ದಾರಿ ಇಲ್ಲದವರು ಹೇಳಿಕೊಳ್ಳುತ್ತಾರೆ. ದಾರಿ ಮಾಡಿಕೊಡಬೇಕಾದವರು ಅದನ್ನು ನಂಬಿ ನೆಮ್ಮದಿಯಾಗಿರುತ್ತಾರೆ.

ನಮ್ಮ ತಾರಸಿಗೆ ಸುಣ್ಣ ಬಳಿದ ಕೆಲಸಗಾರರೇ ಉಳಿದ ಸುಣ್ಣದಲ್ಲಿ ಅವಳ ಶೀಟಿಗೂ ಬಳಿದರು. ಶೀಟಿಗೆ ಸುಣ್ಣ ಸರಿಯಾಗಿ ಹಿಡಿಯಲಿಲ್ಲ. ಮೊದಲ ಮಳೆಗೇ ಸಿಪ್ಪೆಯಂತೆ ಎದ್ದುಹೋಯಿತು. ಅದಕ್ಕೆ ಬೇರೆಯದೇ ಬಿಳಿ ಬಣ್ಣ ಬೇಕು, ಬೆಲೆ ಹೆಚ್ಚು. ಒಬ್ಬಿಬ್ಬರ ಉಪಕಾರದಿಂದ ಮುಗಿಯುವ ಕೆಲಸವಲ್ಲ ಇದು ಎಂಬುದಕ್ಕಾಗಿ ಇದನ್ನು ಹೇಳಿದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದವೆಂದು ಅಧ್ಯಯನವೊಂದು ಲೆಕ್ಕ ಹಾಕಿತು. ಆ ನಗರ 2013ರಲ್ಲಿ ಬಿಸಿಗಾಳಿಯನ್ನು ಎದುರಿಸುವ ಯೋಜನೆಯನ್ನು ರೂಪಿಸಿತು; ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸವೂ ಮುಂದೆ ಅದರ ಭಾಗವಾಯಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ನಮ್ಮ ಪಂಚಾಯಿತಿಗಳು ಇಷ್ಟು ದೊಡ್ಡದನ್ನು ಮಾಡಬೇಕಿಲ್ಲ. ಅಂಗನವಾಡಿಗಳ, ಶಾಲೆಗಳ ತಾರಸಿಗೆ, ಬಳಿಕ ಶೀಟಿನ ಮನೆಗಳಿಗೆ ಶಿವರಾತ್ರಿಯೊಳಗೆ ಬಿಳಿ ಬಳಿಸಲಿ. ಊರ ಹಬ್ಬಕ್ಕೆ ಚಂದಾ ಎತ್ತುವ ನಮಗೆ ಇದು ಅಸಾಧ್ಯವೇ? ರಾಮನವಮಿಗೆ ಪಾನಕ ಹಂಚುವ, ದಾರಿಯಲ್ಲಿ ಅರವಟ್ಟಿಗೆ ಇಡುವ ನಾಡು ನಮ್ಮದು. ದಾರಿಹೋಕನ ಬಾಯಾರಿಕೆಯನ್ನು ಧರ್ಮವೆಂದು ತಿಳಿದವರು ಪಕ್ಕದ ಮನೆಯ ಮಾಡನ್ನು ನೋಡಬಾರದೇ?

ಕೊನೆಯದಾಗಿ, ಆ ವೈದ್ಯೆ ಹೇಳಿಕೊಟ್ಟ ಕೆಲವು ಮಾತುಗಳನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಬಿಸಿಲ ಕಾಲದಲ್ಲಿ ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡರೆ ಕೆಲಸ ನಿಲ್ಲಿಸಿ, ತಂಪಿನಲ್ಲಿ ಕುಳಿತು, ಓಆರ್‌ಎಸ್ ಕುಡಿಯಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಮಾತು ತೊದಲಿದರೆ, ಗೊಂದಲ ಕಂಡರೆ, ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಪಾಯ. ಮೈ ಉಷ್ಣಾಂಶ 40 ಡಿಗ್ರಿ ಮುಟ್ಟಿರಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಮದ್ದಲ್ಲ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮುಂಚೆ ವೈದ್ಯರನ್ನು ಒಮ್ಮೆ ಕಾಣಲಿ. ತಾವೇ ನಿಲ್ಲಿಸುವುದು ಬೇಡ.

ಈ ಬರಹವನ್ನು ಮುಗಿಸಿ ಪತ್ನಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿ, "ಒಬ್ಬಟ್ಟು ಮಾಡಿದ್ದು ನನ್ನಿಷ್ಟಕ್ಕೇ, ಯಾರೂ ಬಲವಂತ ಮಾಡಿರಲಿಲ್ಲ, ಅದನ್ನೂ ಬರೀರಿ" ಎಂದಳು. ಬರೆದಿದ್ದೇನೆ. ಓದುಗ ಮಿತ್ರರಲ್ಲಿ ಒಂದೇ ಬಿನ್ನಹ. ನಾಳೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಿಮ್ಮ ಮನೆಯ ಒಲೆ ಉರಿಯುತ್ತಿರುವಾಗ, ಅಡುಗೆಮನೆಯಲ್ಲಿ ಹದಿನೈದು ನಿಮಿಷ ಸುಮ್ಮನೆ ನಿಂತು ನೋಡಿ. ಆಮೇಲೆ ಏಸಿ ಬೇಕೋ ಬೇಡವೋ ಎಂದು ಮನೆಯವರೆಲ್ಲ ಕುಳಿತು ಮಾತಾಡಬಹುದು.